ಬ್ಯಾರೆಲ್‌ಗೆ ಹತ್ತಕ್ಕೆ ಒಂಬತ್ತು, ಸ್ಟಾಕ್ ಕೂರಿಸಿದ ಕೆಲಸಕ್ಕೆ ನಾಲ್ಕು

ಎಫ್‌-ಟಿಆರ್ ಸ್ಪರ್ಧೆಗೆ ಅಂತ ಮಾಡಿಸಿದ ಬೋಲ್ಟ್ ಆಕ್ಷನ್ ರೈಫಲ್ ಈಗ ಒಂದು ಸೀಸನ್ ಓಡಿದೆ. ಒಂಬೈನೂರರ ಹತ್ತಿರ ಗುಂಡು ಹೋಗಿದೆ. ಕೈಗೆ ಬಂದ ವಾರವೇ ರಿವ್ಯೂ ಬರೆದಿದ್ದರೆ ಬರೀ ಹೊಗಳಿಕೆ ಇರುತ್ತಿತ್ತು, ಎರಡನೇ ತಿಂಗಳಲ್ಲಿ ಬರೆದಿದ್ದರೆ ಬರೀ ಬೈಗುಳ. ಎರಡೂ ತಣ್ಣಗಾದ ಮೇಲೆ ಬರೆಯುತ್ತಿದ್ದೇನೆ. ಬ್ಯಾರೆಲ್, ಆಕ್ಷನ್ (ಬೋಲ್ಟ್ ಓಡುವ ಲೋಹದ ಭಾಗ), ಅದನ್ನು ಸ್ಟಾಕ್‌ಗೆ, ಅಂದರೆ ಕೈಲಿ ಹಿಡಿದು ಭುಜಕ್ಕೆ ಒರಗಿಸುವ ಹೊರಮೈಗೆ, ಕೂರಿಸುವುದು, ಈ ಕೆಲಸವನ್ನೆಲ್ಲ ಲೈಸೆನ್ಸ್ ಇರುವ ಗನ್‌ಸ್ಮಿತ್ ಒಬ್ಬರ ಕೈಲಿ ಮಾಡಿಸಿದ್ದು. ಹೆಸರು ಹೇಳಲ್ಲ, ಯಾಕೆ ಅಂತ ಮುಂದೆ ಓದಿದರೆ ಗೊತ್ತಾಗುತ್ತದೆ.

ಎಫ್‌-ಟಿಆರ್ ಗೊತ್ತಿಲ್ಲದವರಿಗೆ ಎರಡು ಮಾತು. ಮಲಗಿಕೊಂಡು ಹೊಡೆಯುವ ಆಟ. ಮುಂದೆ ಬೈಪಾಡ್ (ಎರಡು ಕಾಲಿನ ಊರುಗೋಲು), ಹಿಂದೆ ಮರಳು ಚೀಲ, ಮೇಲೆ ಸ್ಕೋಪ್, ದೂರ 1000 ಗಜದವರೆಗೆ. ಕಾರ್ಟ್ರಿಜ್ ಎರಡೇ: .308 ವಿಂಚೆಸ್ಟರ್ ಇಲ್ಲಾಂದ್ರೆ .223 ರೆಮಿಂಗ್ಟನ್. ಸ್ಕೋಪ್, ಬೈಪಾಡ್ ಎಲ್ಲ ಸೇರಿ ತೂಕ 8.25 ಕೆಜಿ ದಾಟಬಾರದು. ಗುರಿಯ ತೀರಾ ಒಳಗಿನ ವೃತ್ತ ಅರ್ಧ ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ), ಅಂದರೆ 1000 ಗಜದಲ್ಲಿ ಐದು ಇಂಚಿಗಿಂತ ಸ್ವಲ್ಪ ಜಾಸ್ತಿ. ಅಂಗೈ ಅಗಲ ಅಂದುಕೊಳ್ಳಿ. ಅಂದಹಾಗೆ ಆ ‘ಎಫ್’ ಕೆನಡಾದ ಜಾರ್ಜ್ ಫಾರ್ಕ್ವಾರ್ಸನ್ ಎಂಬ ಶೂಟರ್ ಹೆಸರಿಂದ ಬಂದದ್ದು. ನಾನು ಬಹಳ ದಿನ ಅದನ್ನು ಏನೋ ತಾಂತ್ರಿಕ ಪದ ಅಂತಲೇ ತಿಳಿದಿದ್ದೆ.

ಆಕ್ಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರೆಮಿಂಗ್ಟನ್ 700 ಅಳತೆಯದ್ದು ತೆಗೆದುಕೊಂಡೆ. 1962ರಿಂದ ಇರುವ ವಿನ್ಯಾಸ, ಅದಕ್ಕೆ ಕೂರುವ ಟ್ರಿಗರ್, ಸ್ಟಾಕ್, ಸ್ಕೋಪ್ ಬೇಸ್ ಎಲ್ಲ ಕಡೆ ಸಿಗುತ್ತವೆ. ನಾಳೆ ಒಂದು ಭಾಗ ಇಷ್ಟವಾಗದಿದ್ದರೆ ಅದೊಂದನ್ನೇ ಬದಲಿಸಬಹುದು. ಮ್ಯಾಗಜಿನ್ ಇಲ್ಲದ, ಒಂದೊಂದೇ ಗುಂಡು ಹಾಕುವ ಮಾದರಿ. ತಳದಲ್ಲಿ ತೂತು ಇಲ್ಲದ್ದರಿಂದ ಗಟ್ಟಿ. ಬೋಲ್ಟ್ ಬೆಣ್ಣೆ ಹಾಗೆ ಓಡುತ್ತದೆ, ಕೆನ್ನೆ ಎತ್ತದೆ ಮುಂದಿನ ಗುಂಡು ಹಾಕಬಹುದು. ಸಾಕು.

ಬ್ಯಾರೆಲ್ ವಿಷಯಕ್ಕೆ ಬರೋಣ. 30 ಇಂಚು ಉದ್ದ, 416ಆರ್ ಸ್ಟೇನ್‌ಲೆಸ್ ಸ್ಟೀಲ್, ಬುಲೆಟ್ ತಿರುಗಿಸುವ ಒಳಗಿನ ಗೆರೆಗಳು 10 ಇಂಚಿಗೆ ಒಂದು ಸುತ್ತು. ಬೇಟೆ ರೈಫಲ್‌ನಲ್ಲಿ ಸಿಗುವ 12 ಇಂಚಿನ ಸುತ್ತು ಯಾಕೆ ಬೇಡ ಅಂದರೆ, ನಾನು ಹೊಡೆಯುವುದು 200 ಗ್ರೇನ್‌ನ (ಸುಮಾರು 13 ಗ್ರಾಂ) ಉದ್ದ ಬುಲೆಟ್. ಬುಲೆಟ್ ಉದ್ದ ಆದಷ್ಟೂ ಅದನ್ನು ಜೋರಾಗಿ ತಿರುಗಿಸಬೇಕು, ಬುಗುರಿ ಥರ. 168 ಗ್ರೇನ್‌ನ ಹಳೇ ಮ್ಯಾಚ್ ಬುಲೆಟ್ 600 ಗಜಕ್ಕೆ ಚಿನ್ನ. 1000 ಗಜ ಮುಟ್ಟುವಷ್ಟರಲ್ಲಿ ವೇಗ ಶಬ್ದದ ವೇಗಕ್ಕೆ ಇಳಿದು ತೂರಾಡುತ್ತದೆ.

ಈ ಕೆಲಸದಲ್ಲಿ ಆ ಗನ್‌ಸ್ಮಿತ್‌ಗೆ ಕೈ ಮುಗಿಯಬೇಕು. ಚೇಂಬರ್, ಅಂದರೆ ಗುಂಡು ಕೂರುವ ಗೂಡು, ಕೊರೆದು ಕೂರಿಸಿದ ಮೇಲೆ ಅಳತೆ ಸರಿಯಿದೆಯಾ ಅಂತ ನನ್ನ ಎದುರಿಗೇ ಗೇಜ್ ಹಾಕಿ ತೋರಿಸಿದರು. ‘ಗೋ’ ಗೇಜ್ ಮೇಲೆ ಬೋಲ್ಟ್ ತನ್ನಷ್ಟಕ್ಕೆ ತಾನೇ ಬಿತ್ತು, ‘ನೋ-ಗೋ’ ಮೇಲೆ ಅರ್ಧಕ್ಕೇ ನಿಂತಿತು, ಇರಬೇಕಾದ ಹಾಗೇ. ಬ್ಯಾರೆಲ್ ಎಷ್ಟು ನುಣುಪು ಅಂತ ಕ್ಲೀನ್ ಮಾಡುವಾಗ ಗೊತ್ತಾಗುತ್ತದೆ. ಸಾಲ್ವೆಂಟ್ ಹಚ್ಚಿ ಬಟ್ಟೆ ಎಳೆದರೆ ತಾಮ್ರ ಕೂತಿದ್ದಷ್ಟೂ ನೀಲಿ ಬರುತ್ತದೆ. ನನ್ನ ಹಳೇ ರೈಫಲ್‌ನಲ್ಲಿ ಶಾಯಿ ಚೆಲ್ಲಿದ ಹಾಗೆ ಬರುತ್ತಿತ್ತು. ಇದರಲ್ಲಿ 60 ಗುಂಡು ಹೊಡೆದರೂ ಮೂರನೇ ಬಟ್ಟೆಗೆ ಬರೀ ಮಸುಕು ಆಕಾಶಬಣ್ಣ.

ಇನ್ನು ಬೈಗುಳ.

ಮೊದಲ ದಿನ 100 ಗಜದಲ್ಲಿ ಐದು ಗುಂಡು ಹೊಡೆದೆ. ಮೂರು ಒಂದೇ ತೂತಿಗೆ ಹೋದವು. ಇನ್ನೆರಡು ಒಂದು ಇಂಚು ಮೇಲೆ. ಮತ್ತೆ ಐದು. ಈ ಸಲ ನಾಲ್ಕು ಒಟ್ಟಿಗೆ, ಒಂದು ಕೆಳಗೆ. ಮೊದಲು ನನ್ನ ಮೇಲೇ ಅನುಮಾನ ಬಂತು, ಆಮೇಲೆ ಗುಂಡಿನ ಮೇಲೆ, ಆಮೇಲೆ ಸ್ಕೋಪ್ ಮೇಲೆ. ಸ್ಕೋಪ್ ರಿಂಗ್ ಸುಮ್ನೆ ಬದಲಿಸಿದೆ, ದುಡ್ಡು ದಂಡ. ಗನ್‌ಸ್ಮಿತ್‌ಗೆ ಫೋನ್ ಮಾಡಿದರೆ, “ಬ್ಯಾರೆಲ್ ಇನ್ನೂ ಪಳಗಿಲ್ಲ ಸಾರ್, ನೂರು ಗುಂಡು ಹೋಗ್ಲಿ” ಅಂದರು. ನೂರಲ್ಲ, ನೂರೈವತ್ತು ಹೋಯಿತು. ಗ್ರೂಪ್, ಅಂದರೆ ಗುಂಡುಗಳ ಹರಡಿಕೆ, ಮಾತ್ರ ಹಾಗೇ. ಬ್ಯಾರೆಲ್ ಸ್ಟಾಕ್‌ಗೆ ತಾಗುತ್ತಿದೆಯಾ ಅಂತ ಎಲ್ಲರೂ ಮಾಡುವ ಪರೀಕ್ಷೆ ನಾನೂ ಮಾಡಿದ್ದೆ. ಕಾಗದದ ಚೂರೊಂದನ್ನು ಎರಡರ ನಡುವೆ ತೂರಿಸಿ ಹಿಂದಕ್ಕೆ ಎಳೆಯುವುದು. ಆಕ್ಷನ್‌ವರೆಗೂ ಸಲೀಸಾಗಿ ಬಂತು. ಹಾಗಾಗಿ ಸ್ಟಾಕ್ ಮೇಲೆ ಅನುಮಾನವೇ ಬರಲಿಲ್ಲ.

ರೇಂಜ್‌ಗೆ ಬರುವ ಹಿರಿಯರೊಬ್ಬರು ಎರಡು ವಾರ ನನ್ನ ಪಾಡು ನೋಡಿ ಕೊನೆಗೆ ಹತ್ತಿರ ಬಂದರು. ರೈಫಲ್ ಖಾಲಿ ಇದೆ ಅಂತ ಚೇಂಬರ್ ಇಣುಕಿ ನೋಡಿದರು, ಬೋಲ್ಟ್ ತೆಗೆದಿಟ್ಟರು, ಬಟ್ ನೆಲಕ್ಕೆ ಊರಿ ನೆಟ್ಟಗೆ ನಿಲ್ಲಿಸಿದರು. “ಸ್ಟಾಕ್ ಮುಗಿದು ಬ್ಯಾರೆಲ್ ಶುರುವಾಗೋ ಜಾಗ ಇದೆಯಲ್ಲ, ಅಲ್ಲಿ ಬೆರಳಿಡಿ. ಎರಡಕ್ಕೂ ತಾಗೋ ಹಾಗೆ. ಒತ್ತಬೇಡಿ.” ಇಟ್ಟೆ. ಅವರು ಕೆಳಗಿಂದ ಮುಂದಿನ ಸ್ಕ್ರೂ ಸಡಿಲ ಮಾಡಿದರು. ಬೆರಳ ತುದಿಯ ಕೆಳಗೆ ಬ್ಯಾರೆಲ್ ಮೆಲ್ಲಗೆ ಸ್ಟಾಕ್ ಬಿಟ್ಟು ಆಚೆ ಸರಿಯಿತು. ಬಿಗಿ ಮಾಡಿದರು, ವಾಪಸ್ ಬಂತು. ಸಡಿಲ, ಮತ್ತೆ ಆಚೆ. ಬೆರಳಿಗೆ ಗೊತ್ತಾಗುವಷ್ಟು ಅಂದರೆ ಜಾಸ್ತಿಯೇ ಆಯಿತು ಅಂದರು. ಡಯಲ್ ಗೇಜ್ ಕಟ್ಟಿ ನೋಡಿದಾಗ ಹನ್ನೊಂದು ಥೌ, ಅಂದರೆ ಇಂಚಿನ ಸಾವಿರದಲ್ಲಿ ಹನ್ನೊಂದು ಭಾಗ. ಒಂದೆರಡು ಥೌ ಒಳಗಿದ್ದರೆ ಸರಿ.

ಆಗಿದ್ದು ಇಷ್ಟೇ. ಸ್ಟಾಕ್ ಒಳಗೆ ಎರಡು ಅಲ್ಯುಮಿನಿಯಂ ಕಂಬ ಇರುತ್ತವೆ, ಆಕ್ಷನ್ ಕೂರುವುದು ಅವುಗಳ ಮೇಲೆ. ಎರಡರ ಎತ್ತರ ಹೊಂದಿರಲಿಲ್ಲ. ಸ್ಕ್ರೂ ಬಿಗಿ ಮಾಡಿದಾಗಲೆಲ್ಲ ಆಕ್ಷನ್ ಬಿಲ್ಲಿನಂತೆ ಬಾಗುತ್ತಿತ್ತು. ಒಂದೊಂದು ಗುಂಡು ಹೊಡೆದಾಗಲೂ ಅದು ಅಲುಗಿ ಸ್ವಲ್ಪ ಬೇರೆ ಕಡೆ ಕೂರುತ್ತಿತ್ತು. ಅಷ್ಟು ಚೆಂದದ ಬ್ಯಾರೆಲ್ ಕೊರೆದ ಕೈ ಇದನ್ನು ಹೇಗೆ ಬಿಟ್ಟಿತೋ, ನನಗೆ ಈಗಲೂ ಅರ್ಥವಾಗಿಲ್ಲ. ಕೊನೇ ದಿನದ ಅವಸರ ಇರಬೇಕು. ಡೆಲಿವರಿ ಆಗಲೇ ಆರು ವಾರ ತಡವಾಗಿತ್ತು.

ಬೇರೆಯವರ ಹತ್ತಿರ ಹೊಸದಾಗಿ ಬೆಡ್ಡಿಂಗ್, ಅಂದರೆ ಆಕ್ಷನ್ ಸ್ಟಾಕ್ ಒಳಗೆ ಅಲುಗದೆ ಕೂರುವ ಹಾಗೆ ಮಾಡುವ ಕೆಲಸ, ಮಾಡಿಸಿದೆ. ಹಳೇ ಕಂಬ ಕಿತ್ತು, ಸರಿಯಾದ ಎತ್ತರದ್ದು ಹಾಕಿ, ಆಕ್ಷನ್ ಅಚ್ಚು ಬೀಳುವ ಹಾಗೆ ಎಪಾಕ್ಸಿ ತುಂಬಿದರು. ರೀಕಾಯಿಲ್ ಲಗ್ (ಹೊಡೆದಾಗಿನ ಹಿಂದೊದೆತ ತಡೆದುಕೊಳ್ಳುವ ಚಾಚು) ಮುಂದೆ, ಪಕ್ಕ, ಕೆಳಗೆ ಟೇಪ್ ಅಂಟಿಸಿ ಜಾಗ ಬಿಟ್ಟರು, ಹಿಂಬದಿ ಮಾತ್ರ ಗಟ್ಟಿಯಾಗಿ ಒರಗುವ ಹಾಗೆ. ಸ್ಕ್ರೂಗಳನ್ನು ಟಾರ್ಕ್ ರೆಂಚ್‌ನಲ್ಲಿ 65 ಇಂಚು-ಪೌಂಡ್‌ಗೆ ಬಿಗಿ ಮಾಡಿ ಕೊಟ್ಟರು. ಅದೇ ಲಾಟಿನ ಗುಂಡು, ಅದೇ 100 ಗಜ, ಅದೇ ನಾನು. ಐದೂ ಒಂದಕ್ಕೊಂದು ಕಚ್ಚಿಕೊಂಡು ಹೋದವು, ನಾಲ್ಕಾಣೆ ನಾಣ್ಯದಿಂದ ಮುಚ್ಚಬಹುದಿತ್ತು. ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು. ನೂರೈವತ್ತು ಗುಂಡು ಸುಟ್ಟಿದ್ದೆನಲ್ಲ!

ಉಳಿದ ಭಾಗಗಳು. ಟ್ರಿಗರ್ ಎರಡು ಹಂತದ್ದು, ಮೊದಲ ಹಂತ ಎಳೆದು ನಿಂತಾಗ ಗೋಡೆಗೆ ಒರಗಿದ ಹಾಗೆ ಸ್ಪಷ್ಟ. ಹಗುರ ಮಾಡಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಖಾಲಿ ರೈಫಲ್‌ನಲ್ಲಿ ಬೋಲ್ಟ್ ಜೋರಾಗಿ ಮುಚ್ಚಿ, ಬಟ್ ಅನ್ನು ರಬ್ಬರ್ ಮ್ಯಾಟ್ ಮೇಲೆ ಕುಟ್ಟಿ ನೋಡಿ. ಫೈರಿಂಗ್ ಪಿನ್ ತಾನಾಗಿ ಬಿಟ್ಟರೆ ಅದು ಹಗುರ ಅಲ್ಲ, ಅಪಾಯ. ಸ್ಕೋಪ್ ಕೆಳಗೆ 20 ಎಂಒಎ ಓರೆಯ ಬೇಸ್ ಇದೆ. 1000 ಗಜಕ್ಕೆ .308 ಹತ್ತಿರ ಹತ್ತಿರ 30 ಎಂಒಎ ಇಳಿಯುತ್ತದೆ, ಓರೆ ಇಲ್ಲದಿದ್ದರೆ ಎಷ್ಟೋ ಸ್ಕೋಪ್‌ಗಳ ಡಯಲ್ ಅಲ್ಲಿಗೆ ಮುಟ್ಟುವುದೇ ಇಲ್ಲ. ಬೈಪಾಡ್ ಸ್ಕೀ ಥರದ ಅಗಲ ಕಾಲಿನದ್ದು, ಹೊಡೆದಾಗ ನೇರ ಹಿಂದಕ್ಕೆ ಜಾರುತ್ತದೆ, ನೆಗೆಯುವುದಿಲ್ಲ. ಇಷ್ಟರಲ್ಲೇ ನನಗೆ ತುಂಬಾ ಇಷ್ಟವಾದದ್ದು ಇದು.

ತೂಕದ ಕಥೆ ಬಿಟ್ಟುಹೋಯಿತು. ಮೊದಲ ಸ್ಪರ್ಧೆಗೆ ಮುಂಚೆ ಮನೆಯಲ್ಲಿ ತೂಗಿದರೆ 8.31 ಕೆಜಿ. ಅರವತ್ತು ಗ್ರಾಂಗೆ ಡಿಸ್‌ಕ್ವಾಲಿಫೈ ಆಗುವುದಾ! ಬಟ್ ಒಳಗೆ ಸಮತೂಕಕ್ಕೆ ಅಂತ ಹಾಕಿದ್ದ ಸ್ಟೀಲ್ ತುಂಡು ತೆಗೆದ ಮೇಲೆ 8.12. ನೀವು ಮಾಡಿಸುವುದಾದರೆ ಭಾಗಗಳ ಪಟ್ಟಿ ಹಾಕುವಾಗಲೇ ಪ್ರತಿಯೊಂದರ ತೂಕ ಪಕ್ಕದಲ್ಲಿ ಬರೆದುಕೊಳ್ಳಿ. ಸ್ಕೋಪ್ ರಿಂಗ್ ಕೂಡ ಬಿಡಬೇಡಿ.

ಈಗ 1000 ಗಜದಲ್ಲಿ ಮೇಲೆ ಕೆಳಗಿನ ಹರಡಿಕೆ ಚೆನ್ನಾಗಿ ಹಿಡಿತಕ್ಕೆ ಬಂದಿದೆ. ಅಕ್ಕಪಕ್ಕ ಹೋಗುವುದೆಲ್ಲ ಗಾಳಿ, ಅಂದರೆ ನನ್ನ ತಪ್ಪು. ಸ್ಕೋಪ್‌ನಲ್ಲಿ ಬಿಸಿಲ್ಗುದುರೆ ಎಡಕ್ಕೆ ಹರಿಯುತ್ತಿದೆ ಅಂತ ನೋಡಿ ಹೊಡೆಯುವಷ್ಟರಲ್ಲಿ ಅದು ಕುದಿಯೋ ನೀರಿನ ಹಾಗೆ ನೆಟ್ಟಗೆ ಏಳುತ್ತಿರುತ್ತದೆ. ಅದಕ್ಕೆ ರೈಫಲ್‌ನ ಮಾರ್ಕ್ ಕಡಿಮೆ ಮಾಡಲಾಗದು.

ಆ ಗನ್‌ಸ್ಮಿತ್ ಹತ್ತಿರ ಮತ್ತೆ ಹೋಗುತ್ತೀರಾ ಅಂತ ಕೇಳಿದರೆ, ಹೋಗುತ್ತೇನೆ. ವಿಷಯ ತಿಳಿಸಿದಾಗ “ತಂದ್ಕೊಡಿ, ಸರಿ ಮಾಡ್ಕೊಡ್ತೀನಿ” ಅಂದರು, ದುಡ್ಡಿನ ಮಾತು ಮಾತ್ರ ಎತ್ತಲಿಲ್ಲ. ಈ ಬ್ಯಾರೆಲ್ ಇನ್ನೂ ಎರಡು ಸಾವಿರ ಗುಂಡಾದರೂ ಬಾಳುತ್ತದೆ. ಸವೆದಾಗ ಹೊಸದನ್ನು ಅವರೇ ಕೊರೆಯಲಿ. ಸ್ಟಾಕ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗುತ್ತೇನೆ.