ಟೋ ಪ್ಲೇಟ್, ಕ್ಯಾಂಬರ್ ಗೇಜ್: ಹಳೆಯ ಪಿಕಪ್‌ಗೆ ಮನೆಯಲ್ಲೇ ವ್ಹೀಲ್ ಅಲೈನ್‌ಮೆಂಟ್ ಮಾಡಲು ಇಷ್ಟು ಸಾಕೇ?

ಮನೆಯಲ್ಲೇ ಅಲೈನ್‌ಮೆಂಟ್ ಮಾಡಿಕೊಳ್ಳಿ ಎಂದು ಆನ್‌ಲೈನ್‌ನಲ್ಲಿ ಮಾರುವ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಬರುವುದು ಒಂದು ಜೊತೆ ಟೋ ಪ್ಲೇಟ್, ಎರಡು ಟೇಪು, ಮ್ಯಾಗ್ನೆಟ್ ಇರುವ ಒಂದು ಡಿಜಿಟಲ್ ಕ್ಯಾಂಬರ್ ಗೇಜ್. ಟೋ ಎಂದರೆ ಮೇಲಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ, ಕ್ಯಾಂಬರ್ ಎಂದರೆ ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ. ರೇಸ್ ಗ್ಯಾರೇಜುಗಳಲ್ಲಿ ಇವು ಹಳೆಯ ಸಾಮಾನುಗಳೇ. ಅಮೆರಿಕದ ಲಾಂಗ್‌ಏಕರ್ ಕಂಪನಿ ಇಂಥವನ್ನೇ ರೇಸಿನವರಿಗಾಗಿ ಮಾರುತ್ತದೆ. ನಮ್ಮ ಪ್ರಶ್ನೆ ಬೇರೆ: ಹತ್ತು-ಹದಿನೈದು ವರ್ಷ ಲೋಡ್ ಹೊತ್ತ ಪಿಕಪ್‌ಗೆ ಇವು ಎಷ್ಟು ಕೆಲಸಕ್ಕೆ ಬರುತ್ತವೆ?

ನೇರ ಉತ್ತರ: ಟೋ ಪ್ಲೇಟ್ ಕೊಳ್ಳಬೇಕಾದ ಸಾಮಾನು. ಕ್ಯಾಂಬರ್ ಗೇಜ್ ಬೇಕೋ ಬೇಡವೋ ಎನ್ನುವುದು ನಿಮ್ಮ ಗಾಡಿಯ ಮುಂದಿನ ಸಸ್ಪೆನ್ಶನ್ ಮೇಲೆ ಹೋಗುತ್ತದೆ. ಸೆಟ್‌ನ ಜೊತೆ ಕೊಡುವ ಟೇಪುಗಳನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ.

ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡಿ. ಎಡದಿಂದ ಬಲಕ್ಕೆ ಒಂದೇ ದಪ್ಪ ಆಕ್ಸಲ್, ಅದರ ಮೇಲೆ ಪಾಟಾ (ಲೀಫ್ ಸ್ಪ್ರಿಂಗ್), ಯು ಬೋಲ್ಟ್ ಕಂಡರೆ ಅದು ರಿಜಿಡ್ ಆಕ್ಸಲ್. ಹಳೆಯ ಮಹೀಂದ್ರಾ ಜೀಪಿನ ವಂಶದ ಪಿಕಪ್‌ಗಳು ಹೀಗೆ. ಇದರಲ್ಲಿ ಮನೆಯಲ್ಲಿ ತಿರುಗಿಸಿ ಸರಿಪಡಿಸಬಹುದಾದದ್ದು ಟೋ ಒಂದೇ. ಮೇಲೊಂದು ಕೆಳಗೊಂದು ಆರ್ಮ್, ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸಲಾಕೆ) ಅಥವಾ ಕಾಯಿಲ್ ಸ್ಪ್ರಿಂಗ್ ಕಂಡರೆ ಅದು ಇಂಡಿಪೆಂಡೆಂಟ್. ಅಂಥದ್ದರಲ್ಲಿ ಸಾಮಾನ್ಯವಾಗಿ ಶಿಮ್ (ಸಂದಿಗೆ ಇಡುವ ತೆಳು ತಗಡು) ಅಥವಾ ಕ್ಯಾಮ್ ಬೋಲ್ಟ್ (ತಿರುಗಿಸಿದರೆ ಆರ್ಮ್ ಸರಿಯುವ ಬೋಲ್ಟ್) ಮೂಲಕ ಕ್ಯಾಂಬರ್, ಕ್ಯಾಸ್ಟರ್ ಎರಡನ್ನೂ ಬದಲಿಸಬಹುದು. ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷ ಪಕ್ಕದಿಂದ ನೋಡಿದಾಗ ವಾಲಿರುವ ಕೋನವೇ ಕ್ಯಾಸ್ಟರ್. ಗಾಡಿಯ ಹೆಸರು ನೋಡಿ ನಿರ್ಧರಿಸಬೇಡಿ. ಟೊಯೊಟಾ ಹೈಲಕ್ಸ್ ಎಂಬ ಒಂದೇ ಹೆಸರಿನಲ್ಲಿ ಎರಡೂ ಬಗೆ ಬಂದಿವೆ.

ಈಗ ಪ್ಲೇಟಿನ ವಿಷಯ. ಇದು ಟೈರಿನ ಪಕ್ಕಕ್ಕೆ ಒರಗಿಸಿ ನಿಲ್ಲಿಸುವ ಉದ್ದನೆಯ ತಗಡು. ಎರಡೂ ತುದಿಯಲ್ಲಿ ಟೇಪು ಸಿಗಿಸಲು ಸೀಳು ಇರುತ್ತದೆ. ಟೈರುಗಳ ಮುಂದಿನ ಕಡೆ ಒಂದು ಅಳತೆ, ಹಿಂದಿನ ಕಡೆ ಒಂದು ಅಳತೆ. ಮುಂದಿನದು ಕಡಿಮೆ ಬಂದರೆ ಟೋ ಇನ್, ಹೆಚ್ಚು ಬಂದರೆ ಟೋ ಔಟ್. ಪಿಕಪ್‌ನ ನೆಲದಂತರ ಚೆನ್ನಾಗಿರುವುದರಿಂದ ಟೇಪು ಎಲ್ಲೂ ತಾಗದೆ ಅಡ್ಡ ಹಾಯುತ್ತದೆ. ಸಣ್ಣ ಕಾರಿಗಿಂತ ಇಲ್ಲಿ ಕೆಲಸ ಸುಲಭ.

3 ಮಿ.ಮೀ. ಅಲ್ಯೂಮಿನಿಯಂ ಪ್ಲೇಟ್ 700 ಉದ್ದ, 250 ಅಗಲ ಇದ್ದರೆ ಒಂದೂವರೆ ಕಿಲೋ ಒಳಗೇ ತೂಗುತ್ತದೆ. ಅದೇ ಅಳತೆಗೆ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ 6 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟ್ ಕತ್ತರಿಸಿಕೊಂಡರೆ ಎಂಟು ಕಿಲೋ ದಾಟುತ್ತದೆ, ಆದರೆ ಬಾಗುವುದಿಲ್ಲ. ಅಲ್ಯೂಮಿನಿಯಂನಲ್ಲಿ ಮೇಲಂಚು ಮಡಚಿ ಬಲ ಕೊಟ್ಟಿದ್ದರೆ ಮಾತ್ರ ಕೊಳ್ಳಿ. ಮಡಿಕೆಯಿಲ್ಲದ ಚಪ್ಪಟೆ ತಗಡು ಪಾರ್ಸೆಲ್‌ನಲ್ಲೇ ಬಾಗಿ ಬರಬಹುದು, ಬಾಗಿದ ಪ್ಲೇಟ್ ತೋರಿಸುವ ಸಂಖ್ಯೆಗೆ ಬೆಲೆಯಿಲ್ಲ. ಪರೀಕ್ಷೆ ಸುಲಭ: ಎರಡು ಪ್ಲೇಟುಗಳನ್ನು ಮುಖಕ್ಕೆ ಮುಖ ಕೊಟ್ಟು ಬೆಳಕಿಗೆ ಹಿಡಿಯಿರಿ, ನಡುವೆ ಸಂದಿ ಕಾಣಬಾರದು. ಆಮೇಲೆ ಗಾಡಿಗಿಟ್ಟು ಅಳೆದು, ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ ಮತ್ತೆ ಅಳೆಯಿರಿ. ವ್ಯತ್ಯಾಸ 1 ಮಿ.ಮೀ. ಮೀರಿದರೆ ವಾಪಸ್ ಕಳಿಸಿ.

ಇನ್ನೊಂದು ಮುಖ್ಯ ಲಕ್ಷಣ ಪ್ಲೇಟಿನ ಕೆಳಭಾಗದ ಕಚ್ಚು. ನೆಲಕ್ಕೆ ತಾಗುವ ಜಾಗದಲ್ಲಿ ಟೈರಿನ ಹೊಟ್ಟೆ ಉಬ್ಬಿರುತ್ತದೆ. ಅಲ್ಲಿ ಪ್ಲೇಟ್ ಕತ್ತರಿಸಿರದಿದ್ದರೆ ಅದು ಆ ಉಬ್ಬಿನ ಮೇಲೆ ಕೂತು ಹಿಂದೆ ಮುಂದೆ ತೂಗಾಡುತ್ತದೆ, ಪ್ರತಿ ಸಲವೂ ಬೇರೆ ಲೆಕ್ಕ ಬರುತ್ತದೆ. ಹಳೆಯ ನೈಲಾನ್ ಟೈರುಗಳಲ್ಲಿ ಪಕ್ಕದ ಅಕ್ಷರಗಳೂ ದಪ್ಪವಾಗಿ ಎದ್ದಿರುತ್ತವೆ. ಪ್ಲೇಟಿನ ಒಂದು ತುದಿ ಅಕ್ಷರದ ಮೇಲೆ, ಇನ್ನೊಂದು ತುದಿ ಬರಿ ರಬ್ಬರ್ ಮೇಲೆ ಕೂತರೆ ಅಷ್ಟೇ ಸಾಕು, ಟೋ ತಪ್ಪಾಗಿ ಕಾಣುತ್ತದೆ. ಗಾಡಿಯನ್ನು ಕಾಲು ಸುತ್ತು ಮುಂದಕ್ಕೆ ತಳ್ಳಿ, ಅಕ್ಷರವಿಲ್ಲದ ಜಾಗ ಹುಡುಕಿ, ಮಣ್ಣು ಒರೆಸಿ, ಆಮೇಲೆ ಇಡಿ.

ಟೇಪಿನ ದೋಷ ಕೊಕ್ಕೆಯಲ್ಲಿ. ತುದಿಯ ಕೊಕ್ಕೆ ತನ್ನ ದಪ್ಪದಷ್ಟು ಅಲುಗಾಡುವಂತೆ ಮಾಡಿರುತ್ತಾರೆ, ಸವೆದರೆ ಅದಕ್ಕಿಂತ ಹೆಚ್ಚು ಅಲುಗಾಡುತ್ತದೆ. ಎರಡು ಟೇಪುಗಳ ನಡುವೆ ಮಿಲಿಮೀಟರ್ ಲೆಕ್ಕದ ವ್ಯತ್ಯಾಸ ಇದ್ದರೆ ಆಶ್ಚರ್ಯವಿಲ್ಲ, ನಾವು ಹುಡುಕುತ್ತಿರುವುದೂ ಅಷ್ಟೇ ಸಣ್ಣ ಅಳತೆಯನ್ನು. ಆದ್ದರಿಂದ ಒಂದೇ ಟೇಪು, ಮುಂದಕ್ಕೂ ಹಿಂದಕ್ಕೂ ಅದೇ. ಕೊಕ್ಕೆ ಬಿಟ್ಟು 100 ಮಿ.ಮೀ. ಗುರುತನ್ನು ಸೀಳಿನ ಅಂಚಿಗೆ ಹಿಡಿದು ಅಲ್ಲಿಂದ ಓದಿದರೆ ಇನ್ನೂ ಒಳ್ಳೆಯದು. ಆ ತುದಿ ಹಿಡಿಯಲು ಇನ್ನೊಬ್ಬರು ಬೇಕು.

ಕಂಪನಿಯ ಸ್ಪೆಸಿಫಿಕೇಶನ್ ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿ ನೋಡಿ. ಸಾಮಾನ್ಯವಾಗಿ ಇಂಥ ಗಾಡಿಗಳಿಗೆ ಕೆಲವೇ ಮಿ.ಮೀ. ಟೋ ಇನ್ ಕೊಟ್ಟಿರುತ್ತಾರೆ. ಅಳತೆಯನ್ನು ರಿಮ್ಮಿನಲ್ಲಿ ಹೇಳಿದ್ದಾರೋ ಟೈರಿನಲ್ಲಿ ಹೇಳಿದ್ದಾರೋ ಗಮನಿಸಿ, ಕೋನ ಒಂದೇ ಆದರೂ ಮಿ.ಮೀ. ಬದಲಾಗುತ್ತದೆ. 215/75 ಆರ್ 15 ಟೈರಿನ ಹೊರವ್ಯಾಸ ಸುಮಾರು 703 ಮಿ.ಮೀ. ಆ ವ್ಯಾಸಕ್ಕೆ 2 ಮಿ.ಮೀ. ಎಂದಿದ್ದು, ನಿಮ್ಮ ಪ್ಲೇಟಿನ ಸೀಳುಗಳ ನಡುವಿನ ಅಂತರ 600 ಇದ್ದರೆ ಪ್ಲೇಟಿನಲ್ಲಿ 1.7 ಬರಬೇಕು. 700 ಮಿ.ಮೀ. ಅಂತರದಲ್ಲಿ 1 ಮಿ.ಮೀ. ಎಂದರೆ ಹೆಚ್ಚುಕಡಿಮೆ 5 ಮಿನಿಟ್ ಕೋನ. ಅಲೈನ್‌ಮೆಂಟ್ ಅಂಗಡಿಯ ಪ್ರಿಂಟ್‌ಔಟ್ ಜೊತೆ ಹೋಲಿಸುವಾಗ ಈ ಲೆಕ್ಕ ಬೇಕಾಗುತ್ತದೆ.

ಸೆಟ್‌ನಲ್ಲಿ ಇಲ್ಲದ, ಆದರೆ ಬಹಳ ಉಪಯೋಗಕ್ಕೆ ಬರುವ ಸಾಮಾನು ಸ್ಲಿಪ್ ಪ್ಲೇಟ್, ಅಂದರೆ ಚಕ್ರ ಸರಾಗವಾಗಿ ಜಾರಲೆಂದು ಅದರ ಕೆಳಗಿಡುವ ತಗಡು. ಗಾಡಿ ಜಾಕ್‌ನಿಂದ ಇಳಿದಾಗ ಟೈರ್ ನೆಲವನ್ನು ಕಚ್ಚಿಕೊಂಡು ನಿಲ್ಲುತ್ತದೆ, ಟೈ ರಾಡ್ (ಚಕ್ರವನ್ನು ಸ್ಟೇರಿಂಗ್ ಜೋಡಣೆಗೆ ಸೇರಿಸುವ ಸಲಾಕೆ) ತಿರುಗಿಸಿದರೂ ಚಕ್ರ ತನ್ನ ಜಾಗಕ್ಕೆ ಸರಿಯಾಗಿ ಬರುವುದಿಲ್ಲ. ಒಂದೊಂದು ಚಕ್ರದ ಕೆಳಗೆ ಎರಡು ಜಿಐ ತಗಡು, ನಡುವೆ ಗ್ರೀಸ್, ಅಷ್ಟು ಸಾಕು. ಅದೂ ಬೇಡವೆಂದರೆ ಪ್ರತಿ ಸಲ ಹೊಂದಿಸಿದ ಮೇಲೆ ಗಾಡಿಯನ್ನು ಹಿಂದಕ್ಕೆ ತಂದು ಮೂರು-ನಾಲ್ಕು ಮೀಟರ್ ಮುಂದಕ್ಕೆ ಉರುಳಿಸಿ, ಬ್ರೇಕ್ ಒತ್ತದೆ ತಾನಾಗಿ ನಿಲ್ಲಲು ಬಿಡಿ. ಅಳೆಯುವ ಮುನ್ನ ಕೊನೆಯ ಚಲನೆ ಯಾವಾಗಲೂ ಮುಂದಕ್ಕೇ ಇರಲಿ. ಹಿಂದಕ್ಕೆ ಉರುಳಿದರೆ ಜಾಯಿಂಟುಗಳ ಪ್ಲೇ, ಅಂದರೆ ಸಡಿಲ, ಎದುರು ದಿಕ್ಕಿಗೆ ಕೂರುತ್ತದೆ.

ಪ್ಲೇ ಎಂದ ಮೇಲೆ ಇದನ್ನು ಒತ್ತಿ ಹೇಳಲೇಬೇಕು. ಹಳೆಯ ಗಾಡಿಯಲ್ಲಿ ಟೈರ್ ತಿನ್ನುತ್ತಿದ್ದರೆ, ಸ್ಟೇರಿಂಗ್ ಎಳೆಯುತ್ತಿದ್ದರೆ, ಅಲೈನ್‌ಮೆಂಟ್‌ಗೆ ಮೊದಲು ಪ್ಲೇ ನೋಡಿ. ಮುಂದಿನ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಮೇಲೆ ಕೆಳಗೆ ಕೈಯಿಟ್ಟು ಅಲ್ಲಾಡಿಸಿ. ಸದ್ದು ಬಂದರೆ ವ್ಹೀಲ್ ಬೇರಿಂಗ್, ಕಿಂಗ್ ಪಿನ್ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಪಿನ್) ಅಥವಾ ಬಾಲ್ ಜಾಯಿಂಟ್. ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿ: ಆಗ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಪಿನ್ ಅಥವಾ ಜಾಯಿಂಟ್. ಎಡ ಬಲ ಕೈಯಿಟ್ಟು ಅಲ್ಲಾಡಿಸಿದಾಗ ಪ್ಲೇ ಕಂಡರೆ ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್ (ಸ್ಟೇರಿಂಗ್ ಬಾಕ್ಸ್‌ನಿಂದ ಚಕ್ರದ ಕಡೆಗೆ ಹೋಗುವ ಸಲಾಕೆ) ಅಥವಾ ಐಡ್ಲರ್ ಆರ್ಮ್ (ಸ್ಟೇರಿಂಗ್ ಜೋಡಣೆಯ ಇನ್ನೊಂದು ಬದಿಗೆ ಆಸರೆ ಕೊಡುವ ತೋಳು) ಮೇಲೆ ಸಂಶಯ ಪಡಿ. ಪಾಟಾದ ಬುಶ್ ಸವೆದು ಆಕ್ಸಲ್ ಒಂದು ಕಡೆ ಹಿಂದೆ ಸರಿದಿದ್ದರೆ ಟೋ ಎಷ್ಟೇ ಸರಿಯಿದ್ದರೂ ಗಾಡಿ ನೇರ ಹೋಗದು. ಇದರಲ್ಲಿ ಒಂದಾದರೂ ಸಡಿಲವಿದ್ದಾಗ ಮಾಡಿದ ಅಲೈನ್‌ಮೆಂಟ್, ಅದು ಎಷ್ಟು ದುಬಾರಿ ಯಂತ್ರದಲ್ಲಿ ಮಾಡಿದ್ದಾದರೂ, ಮೊದಲ ಗುಂಡಿಗೇ ಕೆಡುತ್ತದೆ.

ಟೈರ್ ಕೂಡ ವಿಷಯ ಹೇಳುತ್ತದೆ. ಮೇಲ್ಮೈಯ ಮೇಲೆ ಅಂಗೈಯನ್ನು ಅಡ್ಡಕ್ಕೆ ಸವರಿ. ಹೊರಗಿನಿಂದ ಒಳಕ್ಕೆ ಸವರಿದಾಗ ನುಣುಪು, ಒಳಗಿನಿಂದ ಹೊರಕ್ಕೆ ಸವರಿದಾಗ ಗರಗಸದ ಹಲ್ಲಿನಂತೆ ಚುಚ್ಚಿದರೆ ಟೋ ಇನ್ ಹೆಚ್ಚಾಗಿದೆ. ಉಲ್ಟಾ ಆದರೆ ಟೋ ಔಟ್. ಚೂಪು ಏನೂ ಇಲ್ಲದೆ ಒಂದೇ ಅಂಚು ನುಣ್ಣಗೆ ಸವೆದಿದ್ದರೆ ಕ್ಯಾಂಬರ್ ಕಡೆ ನೋಡಿ.

ಟೋ ತಿರುಗಿಸುವಾಗ ಬಹಳ ಜನ ಎಡವುವುದು ಎಷ್ಟು ತಿರುಗಿಸಬೇಕು ಎನ್ನುವಲ್ಲಿ. ಟೈ ರಾಡ್ ಎಂಡಿನ ತ್ರೆಡ್ ಪಿಚ್ 1.5 ಮಿ.ಮೀ., ಸ್ಟೇರಿಂಗ್ ಆರ್ಮ್ (ಟೈ ರಾಡ್ ಬಂದು ಸೇರುವ ಚಕ್ರದ ಬದಿಯ ತೋಳು) ಉದ್ದ 150 ಮಿ.ಮೀ. ಇದೆ ಎಂದುಕೊಳ್ಳಿ. ಒಂದು ಪೂರ್ತಿ ಸುತ್ತಿಗೆ 700 ಮಿ.ಮೀ. ಟೈರಿನಲ್ಲಿ ಟೋ 7 ಮಿ.ಮೀ. ಬದಲಾಗುತ್ತದೆ. ಒಂದು ತುದಿಗೆ ಬಲ ತ್ರೆಡ್, ಇನ್ನೊಂದಕ್ಕೆ ಎಡ ತ್ರೆಡ್ ಇರುವ ರಾಡ್ ಅಥವಾ ಸ್ಲೀವ್ ಆದರೆ ಅದರ ಎರಡರಷ್ಟು, 14. ಅಂದರೆ 2 ಮಿ.ಮೀ. ಸರಿಪಡಿಸಲು ಸ್ಲೀವನ್ನು ಒಂದು ಸುತ್ತಿನ ಏಳನೇ ಒಂದು ಭಾಗ ತಿರುಗಿಸಿದರೆ ಮುಗಿಯಿತು. ತಿರುಗಿಸುವ ಮೊದಲು ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ, ಆಗ ಎಷ್ಟು ತಿರುಗಿತು ಎಂದು ಕಾಣುತ್ತದೆ. ಟೈ ರಾಡ್ ಆಕ್ಸಲ್‌ನ ಹಿಂದೆ ಇದ್ದರೆ ಉದ್ದ ಮಾಡಿದಾಗ ಟೋ ಇನ್ ಹೆಚ್ಚುತ್ತದೆ. ಮುಂದೆ ಇದ್ದರೆ ಟೋ ಔಟ್ ಆಗುತ್ತದೆ. ತುಕ್ಕು ಹಿಡಿದ ಲಾಕ್ ನಟ್‌ಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಿ. ಸ್ಪ್ಯಾನರ್‌ಗೆ ಪೈಪ್ ಹಾಕಿ ಬಲ ಹಾಕುವ ಹೊತ್ತಿಗೆ ಗಾಡಿ ಬರಿ ಜಾಕ್ ಮೇಲೆ ಇರಲೇಬಾರದು.

ಇಂಡಿಪೆಂಡೆಂಟ್ ಗಾಡಿಯಲ್ಲಿ ಎಡ ಬಲ ಎರಡೂ ಟೈ ರಾಡನ್ನು ಸಮಸಮ ತಿರುಗಿಸಿ, ಇಲ್ಲವಾದರೆ ಸ್ಟೇರಿಂಗ್ ವ್ಹೀಲ್ ಓರೆಯಾಗುತ್ತದೆ. ರಿಜಿಡ್ ಆಕ್ಸಲ್‌ನಲ್ಲಿ ಸ್ಟೇರಿಂಗ್ ನೇರ ಮಾಡುವುದು ಡ್ರ್ಯಾಗ್ ಲಿಂಕ್‌ನಲ್ಲಿ, ಟೋ ಟೈ ರಾಡ್‌ನಲ್ಲಿ. ಓರೆಯಾದ ಸ್ಟೇರಿಂಗ್ ವ್ಹೀಲನ್ನು ಬಿಚ್ಚಿ ಬೇರೆ ಹಲ್ಲಿಗೆ ಕೂರಿಸುವ ಅಭ್ಯಾಸ ಖಂಡಿತ ಬೇಡ. ಹಳೆಯ ಸ್ಟೇರಿಂಗ್ ಬಾಕ್ಸ್ ನಡುಮಧ್ಯದಲ್ಲಿ ಮಾತ್ರ ಬಿಗಿಯಾಗಿರುತ್ತದೆ, ಆ ಜಾಗದಿಂದ ಸರಿದರೆ ನೇರ ರಸ್ತೆಯಲ್ಲೇ ಪ್ಲೇ ಬರುತ್ತದೆ. ಒಂದು ಲಾಕ್‌ನಿಂದ ಇನ್ನೊಂದಕ್ಕೆ ಎಷ್ಟು ಸುತ್ತು ಎಣಿಸಿ, ಅದರ ಅರ್ಧಕ್ಕೆ ತಂದು, ಅಲ್ಲಿ ಚಕ್ರ ನೇರ ಇರುವಂತೆ ಲಿಂಕ್ ಹೊಂದಿಸಿ.

ಇನ್ನು ಕ್ಯಾಂಬರ್ ಗೇಜ್. 0.1 ಡಿಗ್ರಿ ತೋರಿಸುವ ಪರದೆ ನೋಡಿ ನಂಬಬೇಡಿ, ತೋರಿಸುವುದು ಬೇರೆ, ನಿಖರತೆ ಬೇರೆ. ಲಂಬವಾದ ಕಬ್ಬಿಣದ ಮೇಲೆ ಅಂಟಿಸಿ ಓದಿ, ಅದೇ ಜಾಗದಲ್ಲಿ ಬೆನ್ನು ಮುಖ ಅದಲುಬದಲು ಮಾಡಿ ಮತ್ತೆ ಓದಿ. ಎರಡೂ ಸಂಖ್ಯೆ ಸಮವಾಗಿ, ಎದುರು ಚಿಹ್ನೆಯಲ್ಲಿ ಬರಬೇಕು. ಕೂಡಿಸಿದಾಗ ಉಳಿದದ್ದರ ಅರ್ಧ ಗೇಜಿನ ತಪ್ಪು. ಮ್ಯಾಗ್ನೆಟ್ಟನ್ನು ಹಬ್ಬಿನ ಗ್ರೀಸ್ ಕ್ಯಾಪ್ ಮೇಲೆ ಅಂಟಿಸಿದರೆ ಪ್ರಯೋಜನವಿಲ್ಲ, ಅದು ಒತ್ತಿ ಮಾಡಿದ ತಗಡು. ಮಷೀನ್ ಮಾಡಿದ ಹಬ್ ಮುಖ ಸಿಗದಿದ್ದರೆ ಗಟ್ಟಿ ಅಲ್ಯೂಮಿನಿಯಂ ಪಟ್ಟಿಗೆ ಸಮ ಉದ್ದದ ಎರಡು ಬೋಲ್ಟ್ ಹಾಕಿ, ರಿಮ್ಮಿನ ಮೇಲಂಚು ಕೆಳಂಚಿಗೆ ತಾಗಿಸಿ, ಗೇಜನ್ನು ಆ ಪಟ್ಟಿಗೆ ಕಟ್ಟಿ. ಹಿಡಿದು ನಿಲ್ಲಿಸಲು ಹಳೆಯ ಸೈಕಲ್ ಟ್ಯೂಬಿನ ಪಟ್ಟಿಗಿಂತ ಒಳ್ಳೆಯದು ಬೇರೆ ಇಲ್ಲ. ಒಮ್ಮೆ ಓದಿ, ಗಾಡಿಯನ್ನು ಚಕ್ರ ಅರ್ಧ ಸುತ್ತುವಷ್ಟು ಉರುಳಿಸಿ ಇನ್ನೊಮ್ಮೆ ಓದಿ ಸರಾಸರಿ ತೆಗೆದರೆ ರಿಮ್ಮಿನ ಸೊಟ್ಟ ಲೆಕ್ಕದಿಂದ ಹೋಗುತ್ತದೆ.

ದೊಡ್ಡ ತಪ್ಪು ಬರುವುದು ನೆಲದಿಂದ. 1400 ಮಿ.ಮೀ. ಅಂತರದ ಎರಡು ಚಕ್ರಗಳ ಕೆಳಗೆ ನೆಲ 10 ಮಿ.ಮೀ. ಏರುಪೇರಿದ್ದರೆ ಗೇಜ್‌ನಲ್ಲಿ 0.4 ಡಿಗ್ರಿ ಸುಳ್ಳು ಬರುತ್ತದೆ. ಮನೆಯಂಗಳಕ್ಕೆ ನೀರು ಹರಿಯಲೆಂದೇ ಇಳಿಜಾರು ಕೊಟ್ಟಿರುತ್ತಾರೆ. ಮೇಸ್ತ್ರಿಗಳು ಬಳಸುವ ಟ್ಯೂಬ್ ಲೆವೆಲ್ ತಂದು ನಾಲ್ಕೂ ಚಕ್ರದ ಜಾಗ ನೋಡಿ, ತಗ್ಗಿದ್ದ ಕಡೆ ಟೈಲ್ಸ್ ತುಂಡು ಇಡಿ. ಇಲ್ಲವೇ ಒಮ್ಮೆ ಅಳೆದು, ಗಾಡಿಯನ್ನು ಪೂರ್ತಿ ತಿರುಗಿಸಿ ಮುಂದಿನ ಚಕ್ರಗಳು ಅದೇ ಗುರುತಿನ ಮೇಲೆ ಬರುವಂತೆ ನಿಲ್ಲಿಸಿ ಮತ್ತೆ ಅಳೆದು ಸರಾಸರಿ ತೆಗೆಯಿರಿ.

ನನ್ನ ಅಭಿಪ್ರಾಯದಲ್ಲಿ ಗೇಜ್ ಮಾಡುವ ಕೆಲಸದಲ್ಲಿ ಮುಕ್ಕಾಲು ಪಾಲನ್ನು ತೂಗುಗುಂಡು ಮಾಡುತ್ತದೆ. ರಿಮ್ಮಿನ ಮುಂದೆ ದಾರ ಇಳಿಬಿಟ್ಟು ಮೇಲಂಚಿಗೆ ಎಷ್ಟು, ಕೆಳಂಚಿಗೆ ಎಷ್ಟು ಎಂದು ಅಳೆಯಿರಿ. 400 ಮಿ.ಮೀ. ಎತ್ತರದ ಅಂತರದಲ್ಲಿ 7 ಮಿ.ಮೀ. ವ್ಯತ್ಯಾಸ ಎಂದರೆ 1 ಡಿಗ್ರಿ. ರಿಜಿಡ್ ಆಕ್ಸಲ್ ಇರುವವರಿಗೆ ಇದು ಧಾರಾಳ ಸಾಕು, ಯಾಕೆಂದರೆ ಅವರ ಗಾಡಿಯಲ್ಲಿ ಕ್ಯಾಂಬರ್ ತಪ್ಪಿದ್ದರೆ ಅದು ಬಾಗಿದ ಆಕ್ಸಲ್ ಅಥವಾ ಸವೆದ ಕಿಂಗ್ ಪಿನ್, ಗೇಜ್ ಕೊಂಡರೆ ಅದು ಸರಿಹೋಗದು. ಶಿಮ್, ಕ್ಯಾಮ್ ಇರುವ ಗಾಡಿಯವರು ಗೇಜ್ ಕೊಳ್ಳಲಿ. ಅವರು ಕ್ರಮ ತಪ್ಪಬಾರದು: ಮೊದಲು ಟಾರ್ಶನ್ ಬಾರ್‌ನಲ್ಲಿ ಗಾಡಿಯ ಎತ್ತರ, ಆಮೇಲೆ ಕ್ಯಾಸ್ಟರ್ ಕ್ಯಾಂಬರ್, ಕೊನೆಗೆ ಟೋ. ಎತ್ತರ ಬದಲಾದರೆ ಉಳಿದೆಲ್ಲ ಬದಲಾಗುತ್ತದೆ.

ಇದೇ ಗೇಜ್‌ನಿಂದ ಕ್ಯಾಸ್ಟರ್ ಅಳೆಯಬಹುದು ಎನ್ನುತ್ತಾರೆ. ಚಕ್ರವನ್ನು 20 ಡಿಗ್ರಿ ಒಳಕ್ಕೆ, 20 ಡಿಗ್ರಿ ಹೊರಕ್ಕೆ ತಿರುಗಿಸಿ, ಎರಡೂ ಕ್ಯಾಂಬರ್‌ಗಳ ವ್ಯತ್ಯಾಸವನ್ನು ಒಂದೂವರೆಯಿಂದ ಗುಣಿಸುವುದು ಅದರ ಲೆಕ್ಕ. ಲೆಕ್ಕ ಸರಿ, ಆದರೆ ಚಕ್ರದ ಕೆಳಗಿಟ್ಟು ತಿರುಗಿಸುವ, ಡಿಗ್ರಿ ಗುರುತಿರುವ ಟರ್ನ್ ಪ್ಲೇಟ್ ಇಲ್ಲದೆ 20 ಡಿಗ್ರಿ ಅಂದಾಜು ಮಾತ್ರ, ಗೇಜಿನ ತಪ್ಪೂ ಒಂದೂವರೆ ಪಟ್ಟು ಆಗುತ್ತದೆ. ಕ್ಯಾಸ್ಟರ್‌ಗೆ, ಚಾಸಿ ಪೆಟ್ಟು ತಿಂದ ಗಾಡಿಗೆ, ಹಿಂದಿನ ಆಕ್ಸಲ್ ಓರೆಯಾದ ಸಂಶಯಕ್ಕೆ ನಾಲ್ಕೂ ಚಕ್ರ ನೋಡುವ ಅಲೈನ್‌ಮೆಂಟ್ ಯಂತ್ರವೇ ಸರಿ.

ಅಳೆಯುವ ದಿನ ಟೈರ್ ಗಾಳಿ ಮ್ಯಾನ್ಯುಯಲ್ ಹೇಳಿದಷ್ಟಿರಲಿ, ಎಡ ಬಲ ಸಮವಿರಲಿ, ಹಿಂದಿನ ಬಾಡಿ ಖಾಲಿ ಇರಲಿ. ಲಾಕ್ ನಟ್ ಬಿಗಿಮಾಡುವಾಗ ಟೈ ರಾಡ್ ತಾನೂ ತಿರುಗುತ್ತದೆ, ಆದ್ದರಿಂದ ಬಿಗಿಮಾಡಿದ ಮೇಲಿನ ಅಳತೆಯೇ ನಿಜವಾದ ಅಳತೆ. ಸ್ಲೀವ್ ಕ್ಲಾಂಪಿನ ಬೋಲ್ಟ್ ಪಾಟಾಕ್ಕೋ ಆಕ್ಸಲ್‌ಗೋ ತಾಗುವಂತೆ ನಿಲ್ಲಬಾರದು: ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಅದನ್ನು ಕಣ್ಣಾರೆ ನೋಡಿ. ಎಂಡ್ ಬಿಚ್ಚಿದ್ದರೆ ಹೊಸ ಸ್ಪ್ಲಿಟ್ ಪಿನ್ ಹಾಕಿ, ಆಮೇಲೆ ಗಾಡಿಯನ್ನು ರಸ್ತೆಗೆ ಇಳಿಸಿ.