ಲಾಗರ್ ಮಾಗಿಸಲು ಜಾಡಿಯೇ, ಬಾಟಲಿಯೇ?

ಮೈಸೂರಿನ ಕುವೆಂಪುನಗರದ ನಮ್ಮ ಮನೆಯಲ್ಲಿ ತಯಾರಿಸಿದ ಲಾಗರ್ (ತಂಪಿನಲ್ಲಿ ಹುದುಗಿಸಿ ವಾರಗಟ್ಟಲೆ ತಣ್ಣಗೆ ಮಾಗಿಸುವ) ಬಿಯರನ್ನು ಮೂರು ಬಗೆಯಲ್ಲಿ ಮಾಗಿಸಿ ನೋಡಿದ ಮೇಲೆ, ಬಾಟಲಿಗೆ ತುಂಬಿಯೇ ಫ್ರಿಜ್ಜಿನಲ್ಲಿಡುವುದು ಉತ್ತಮವೆಂದು ನಿರ್ಧರಿಸಿದ್ದೇನೆ. ಈ ನಿರ್ಧಾರಕ್ಕೆ ಕಾರಣ, 20 ಲೀಟರಿನ ಗಾಜಿನ ಜಾಡಿಯಲ್ಲಿ ಕೆಟ್ಟುಹೋದ 13 ಲೀಟರ್ ಬಿಯರ್.

ಜಾಡಿಯಲ್ಲಿ ಉಳಿದ 7 ಲೀಟರ್ ಜಾಗವನ್ನು ಹುದುಗುವಾಗ ಹುಟ್ಟಿದ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಗಾಳಿಗಿಂತ ಭಾರವಾದ ಅದು ಉಪ್ಪಿನಕಾಯಿಯ ಮೇಲೆ ನಿಲ್ಲುವ ಎಣ್ಣೆಯಂತೆ ಬಿಯರಿಗೆ ಗಾಳಿ ತಗಲದಂತೆ ಕಾಯುತ್ತದೆ ಎಂದು ನಂಬಿದ್ದೆ. ಆದರೆ ಅನಿಲಗಳು ಎಣ್ಣೆಯಂತೆ ಪದರವಾಗಿ ನಿಲ್ಲುವುದಿಲ್ಲ. ಒಳಬಂದ ಗಾಳಿ ಎಲ್ಲೆಡೆ ಬೆರೆತುಬಿಡುತ್ತದೆ. 12 ಡಿಗ್ರಿಯಲ್ಲಿ ಹುದುಗಿದ ಬಿಯರನ್ನು 2 ಡಿಗ್ರಿಗೆ ಇಳಿಸಿದಾಗ ಆ 7 ಲೀಟರ್ ಅನಿಲ ಸುಮಾರು ಕಾಲು ಲೀಟರಿನಷ್ಟು ಕುಗ್ಗುತ್ತದೆ. ಅದಲ್ಲದೆ, ತಣಿದ ಬಿಯರ್ ಇಂಗಾಲದ ಡೈಆಕ್ಸೈಡನ್ನು ಹೆಚ್ಚಾಗಿ ಕರಗಿಸಿಕೊಳ್ಳುವುದರಿಂದ ಒಳಗಿನ ಒತ್ತಡ ಇನ್ನಷ್ಟು ಇಳಿದು, ಏರ್‌ಲಾಕಿನ (ಅನಿಲವನ್ನು ಹೊರಬಿಟ್ಟು ಗಾಳಿಯನ್ನು ತಡೆಯುವ ನೀರು ತುಂಬಿದ ಬಿರಡೆಯ) ಗುಳ್ಳೆಗಳು ಹಿಮ್ಮುಖವಾಗಿ ಚಲಿಸಿ ಹೊರಗಿನ ಗಾಳಿಯನ್ನು ಜಾಡಿಯೊಳಕ್ಕೆ ತರುತ್ತವೆ.

ಇದು ಒಮ್ಮೆ ಮಾತ್ರ ನಡೆದಿದ್ದರೆ ಸಹಿಸಬಹುದಿತ್ತು. ಬೇಸಿಗೆಯಲ್ಲಿ ಕರೆಂಟು ಗಂಟೆಗಟ್ಟಲೆ ಹೋದಾಗಲೆಲ್ಲ ಫ್ರಿಜ್ಜಿನ ತಂಪು ಇಳಿದು ಅನಿಲ ಹಿಗ್ಗಿ ಹೊರಹೋಗುತ್ತಿತ್ತು. ಕರೆಂಟು ಬಂದು ಮತ್ತೆ ತಣಿಯುತ್ತಿದ್ದಂತೆ ಅದರ ಬದಲು ಗಾಳಿ ಒಳಬರುತ್ತಿತ್ತು. ಹೀಗೆ ಜಾಡಿ ಆರು ವಾರ ಉಸಿರಾಡಿತು. ಕೊನೆಗೆ ಲೋಟಕ್ಕೆ ಬಗ್ಗಿಸಿದಾಗ ಹೊಂಬಣ್ಣ ಕಂದಾಗಿತ್ತು, ಮಾಲ್ಟಿನ ಪರಿಮಳ ಇರಬೇಕಾದಲ್ಲಿ ಮಳೆಗೆ ನೆನೆದ ರಟ್ಟಿನ ವಾಸನೆಯಿತ್ತು. ಅಷ್ಟು ದಿನ ಕಾದು ಮಾಡಿದ್ದನ್ನು ಚೆಲ್ಲಬೇಕಾದಾಗ ನಿಜಕ್ಕೂ ಸಂಕಟವಾಯಿತು.

5 ಲೀಟರಿನ ಜಾಡಿಗಳನ್ನು ಕಂಠಪೂರ್ತಿ ತುಂಬಿದಾಗ ಫಲಿತಾಂಶ ಎಷ್ಟೋ ವಾಸಿ. ಆದರೆ 13 ಲೀಟರಿನಲ್ಲಿ ಎರಡು ಜಾಡಿ ತುಂಬಿ ಮೂರನೆಯದು ಅರೆಬರೆಯಾಗಿ ಉಳಿಯುತ್ತದೆ, ಮಾಗಿದ ಮೇಲೆ ಮತ್ತೆ ಬಾಟಲಿಗೆ ವರ್ಗಾಯಿಸುವಾಗ ಇನ್ನೊಮ್ಮೆ ಗಾಳಿ ತಗಲುತ್ತದೆ.

ಸ್ಟೀಲ್ ಕೆಗ್ (ಒತ್ತಡ ತಾಳುವ ಪೀಪಾಯಿ) ಮತ್ತು ಅನಿಲದ ಸಿಲಿಂಡರ್ ನನ್ನ ಬಜೆಟ್ಟಿಗೆ ಮೀರಿದವು.

ಬಾಟಲಿಯ ವಿಧಾನದಲ್ಲಿ, ಹುದುಗುವಿಕೆ ಪೂರ್ತಿ ಮುಗಿದಿದೆಯೆಂದು ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಿಂದ ಖಚಿತಪಡಿಸಿಕೊಂಡು, ಲೀಟರಿಗೆ 6 ಗ್ರಾಂ ಸಕ್ಕರೆ ಬೆರೆಸಿ, 650 ಮಿಲಿಲೀಟರಿನ 20 ಬಾಟಲಿಗಳಿಗೆ ತುಂಬಿ ಮುಚ್ಚಳ ಒತ್ತುತ್ತೇನೆ. ಮಂಡ್ಯದ ಬೆಲ್ಲ ಬಳಸುವ ಆಸೆಯಿದ್ದರೂ ಅದರ ತೇವಾಂಶ ಅಚ್ಚಿನಿಂದ ಅಚ್ಚಿಗೆ ಬದಲಾಗುವುದರಿಂದ ಅಳತೆ ನಿಲ್ಲುವುದಿಲ್ಲ. ಎರಡು ವಾರ ಹೊರಗಿಟ್ಟಾಗ ಯೀಸ್ಟ್ ಮತ್ತೆ ಚುರುಕಾಗಿ, ಆ ಸಕ್ಕರೆಯಿಂದ ಇಂಗಾಲದ ಡೈಆಕ್ಸೈಡ್ ಹುಟ್ಟಿಸಿ ಒತ್ತಡ ಏರಿಸುತ್ತದೆ, ಕತ್ತಿನಲ್ಲಿ ಸಿಕ್ಕಿಕೊಂಡ ಆಮ್ಲಜನಕದ ಬಹುಪಾಲನ್ನು ತಾನೇ ಬಳಸಿಕೊಳ್ಳುತ್ತದೆ. ನಂತರ ಫ್ರಿಜ್ಜಿಗೆ ಹೋದ ಬಾಟಲಿಯ ಒಳಗೆ ಒತ್ತಡವಿರುವುದರಿಂದ, ಕರೆಂಟು ಹೋಗಿ ಬಂದರೂ ಅದು ಗಾಳಿಯನ್ನು ಎಳೆದುಕೊಳ್ಳುವುದಿಲ್ಲ. ತಳದಲ್ಲಿ ಗಸಿ ಕೂರುತ್ತದೆ. ನಿಧಾನವಾಗಿ ಬಗ್ಗಿಸಿದರೆ ಸಾಕು.

ನಾನು ತೆರೆಯುವುದು ವಾರಕ್ಕೊಂದೇ ಬಾಟಲಿ, ಉಳಿದವಕ್ಕೆ ಗಾಳಿ ಸೋಕುವುದಿಲ್ಲ. ಕಳೆದ ಸಲದ ಕೊನೆಯ ಬಾಟಲಿಯನ್ನು ಐದನೆಯ ತಿಂಗಳಲ್ಲಿ ತೆರೆದಾಗಲೂ ಮಾಲ್ಟಿನ ಪರಿಮಳ ಹಾಗೆಯೇ ಇತ್ತು.