ಕುಂದಾಪುರದಿಂದ ಮಂಗಳೂರಿನವರೆಗೆ: ಯಾವ ಊರಲ್ಲಿ ಏನು ತಿನ್ನಬೇಕು

ಹೆಂಡತಿಯ ತವರು ಬ್ರಹ್ಮಾವರ. ಮದುವೆಯಾಗಿ ಹನ್ನೊಂದು ವರ್ಷವಾಯಿತು, ವರ್ಷಕ್ಕೆ ಎರಡು ಸಲವಾದರೂ ಆ ಕಡೆ ಹೋಗುತ್ತೇವೆ. ಅದಕ್ಕೇ ನಮ್ಮ ಆಫೀಸಲ್ಲಿ ಯಾರೇ ಮಲ್ಪೆ, ಮರವಂತೆ ಅಂತ ಹೊರಟರೂ ಮೊದಲು ನನ್ನ ಹತ್ತಿರ ಬರುತ್ತಾರೆ, "ಊಟಕ್ಕೆ ಯಾವ ಹೋಟೆಲ್ ಚೆನ್ನಾಗಿದೆ?" ಅಂತ. ನಾನು ತಿರುಗಿ ಕೇಳುವುದು ಒಂದೇ. ಏನು ತಿನ್ನಬೇಕು ಅಂತಿದ್ದೀರಿ, ಅದನ್ನು ಹೇಳಿ. ಕರಾವಳಿಯಲ್ಲಿ ಎಲ್ಲವನ್ನೂ ಚೆನ್ನಾಗಿ ಮಾಡುವ ಹೋಟೆಲ್ ಹುಡುಕಿಕೊಂಡು ಹೋದರೆ ಬೇಜಾರೇ ಆಗುವುದು. ಅಲ್ಲಿ ಒಂದು ಅಡುಗೆಮನೆಗೆ ಒಂದು ಐಟಂ, ಹೆಚ್ಚೆಂದರೆ ಎರಡು. ಅದನ್ನು ಮಾತ್ರ ಬೇರೆ ಯಾರೂ ಹಾಗೆ ಮಾಡುವುದಿಲ್ಲ.

ಮೊದಲು ಕುಂದಾಪುರ. ಶೆಟ್ಟಿ ಲಂಚ್ ಹೋಮ್‌ನ ಚಿಕನ್ ಘೀ ರೋಸ್ಟ್. ಈಗ ಬೆಂಗಳೂರಿನ ಗಲ್ಲಿಗಲ್ಲಿಯಲ್ಲೂ ಘೀ ರೋಸ್ಟ್ ಸಿಗುತ್ತದೆ, ಪನೀರ್, ಅಣಬೆ, ಸಿಗಡಿ ಎಲ್ಲದಕ್ಕೂ ಆ ಹೆಸರು ಬಂದಿದೆ, ಆದರೆ ಅದು ಹುಟ್ಟಿದ್ದು ಈ ಹೋಟೆಲಿನ ಒಲೆಯ ಮೇಲೆ ಅಂತ ಕರಾವಳಿಯವರು ಹೇಳುತ್ತಾರೆ. ನನಗೆ ಅದರಲ್ಲಿ ಅನುಮಾನ ಇಲ್ಲ. ಪ್ಲೇಟ್ ಬಂದ ಕೂಡಲೇ ತಿನ್ನಬೇಡಿ, ಒಂದು ನಿಮಿಷ ನೋಡಿ. ಗ್ರೇವಿ ಅನ್ನುವುದೇ ಇಲ್ಲ. ಮಸಾಲೆ ಕೋಳಿಗೆ ಅಂಟಿಕೊಂಡಿದೆ, ಬಣ್ಣ ಕಡುಗೆಂಪು, ಅಲ್ಲಲ್ಲಿ ಕಪ್ಪಿಗೆ ತಿರುಗಿದೆ. ಪ್ಲೇಟಿನ ಅಂಚಲ್ಲಿ ತುಪ್ಪ ಬೇರೆಯಾಗಿ ನಿಂತಿದೆ, ಅದೂ ಕೆಂಪು. ಬಾಯಿಗಿಟ್ಟರೆ ಮೊದಲು ಹುಣಸೆಯ ಹುಳಿ, ಆಮೇಲೆ ಮೆಣಸಿನ ಖಾರ, ನುಂಗಿದ ಮೇಲೆ ತುಪ್ಪದ ಘಮ. ಆ ಬಣ್ಣ ನೋಡಿ ಹೆದರುವವರು ಇದ್ದಾರೆ, ಹೆದರಬೇಡಿ. ಅದು ಬ್ಯಾಡಗಿ ಮೆಣಸಿನಕಾಯಿ, ಬಣ್ಣ ಜಾಸ್ತಿ, ಖಾರ ಕಡಿಮೆ.

ನಮ್ಮ ಅತ್ತೆ ಒಳ್ಳೆ ಅಡುಗೆಯವರು. ಹೋಟೆಲ್ ಊಟ ಅಂದರೆ ಮೂಗು ಮುರಿಯುವವರು ಈ ಒಂದಕ್ಕೆ ಮಾತ್ರ ತಲೆದೂಗುತ್ತಾರೆ. ಮನೆಯಲ್ಲೂ ಮಾಡುತ್ತಾರೆ, ಒಂದು ಸಲ ನಾನು ಪಕ್ಕದಲ್ಲೇ ನಿಂತು ನೋಡಿದೆ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ನಾಲ್ಕೇ ನಾಲ್ಕು ಕಾಳು ಮೆಂತ್ಯ, ಎಲ್ಲವನ್ನೂ ಬೇರೆಬೇರೆಯಾಗಿ ಹುರಿದು, ಬೆಳ್ಳುಳ್ಳಿ, ಹುಣಸೆಹಣ್ಣು ಸೇರಿಸಿ ನುಣ್ಣಗೆ ರುಬ್ಬಿದರು. ಕೋಳಿ ಮೊದಲೇ ಮೊಸರಲ್ಲಿ ನೆನೆದಿತ್ತು. ಆಮೇಲೆ ಶುರುವಾಯಿತು ನೋಡಿ ನಿಜವಾದ ಕೆಲಸ. ತುಪ್ಪದಲ್ಲಿ ಆ ಮಸಾಲೆ ಹಾಕಿ ಸಣ್ಣ ಉರಿಯಲ್ಲಿ ತಿರುಗಿಸುತ್ತಾ ನಿಂತರು, ಹಸಿ ವಾಸನೆ ಹೋಗಬೇಕು, ತುಪ್ಪ ಪೂರ್ತಿ ಬಿಟ್ಟುಕೊಳ್ಳಬೇಕು, ಅಷ್ಟರಲ್ಲಿ ತಳ ಹಿಡಿಯಲೂಬಾರದು. ಫೋನ್ ಬಂದರೂ ತೆಗೆಯಲಿಲ್ಲ. "ಒಲಿ ಬಿಟ್ ಹೋಪುಕಾಗ" ಅಂದರು, ಒಲೆ ಬಿಟ್ಟು ಹೋಗಬಾರದು ಅಂತ, ಅಷ್ಟೇ. ಒಂದು ಬಾಣಲೆಗೇ ಇಷ್ಟು ಕಷ್ಟ. ಅದನ್ನು ದಿನಾ ಬಾಣಲೆ ಮೇಲೆ ಬಾಣಲೆ ಮಾಡಿ, ಹತ್ತು ವರ್ಷ ಬಿಟ್ಟು ಹೋದರೂ ಅದೇ ರುಚಿ ಕೊಡುವವರನ್ನು ನಾನು ದೊಡ್ಡ ಬಾಣಸಿಗರು ಅಂತಲೇ ಕರೆಯುವುದು. ಅವರ ಹೆಸರು ಬೋರ್ಡಲ್ಲಿ ಇರುವುದಿಲ್ಲ, ಟಿವಿಯಲ್ಲಿ ಬರುವುದಿಲ್ಲ.

ಘೀ ರೋಸ್ಟ್ ಜೊತೆ ನೀರು ದೋಸೆಯನ್ನೇ ತಗೊಳ್ಳಿ. ಚಪಾತಿ, ರೋಟಿ ಬೇಡ. ಪ್ಲೇಟಲ್ಲಿ ಉಳಿದ ಆ ಕೆಂಪು ತುಪ್ಪವನ್ನು ನೀರು ದೋಸೆ ಹೀರಿಕೊಳ್ಳುವ ಹಾಗೆ ಬೇರೆ ಯಾವುದೂ ಹೀರುವುದಿಲ್ಲ.

ಮೀನಿಗೆ ಮಂಗಳೂರಿಗೇ ಹೋಗಬೇಕು. ಬಂದರಿನ ಹತ್ತಿರದ ಹೋಟೆಲ್ ನಾರಾಯಣ ನನಗೆ ಎಲ್ಲಕ್ಕಿಂತ ಇಷ್ಟ. ಜಾಗ ಚಿಕ್ಕದು, ಮಧ್ಯಾಹ್ನ ರಶ್ ಇರುತ್ತದೆ, ಊಟ ಮಾಡುವವರ ಹಿಂದೆ ನಿಂತು ಕಾಯಬೇಕಾಗಬಹುದು. ಕಾಯಿರಿ. ಕುಚ್ಚಲಕ್ಕಿ ಅನ್ನ, ಮೀನು ಸಾರು, ಮೇಲಿಂದ ತವಾದಲ್ಲಿ ಕಾಯಿಸಿದ ಮೀನು. ದಪ್ಪ ಮಸಾಲೆ ಮೆತ್ತಿದ ಬಂಗುಡೆಯನ್ನು ಬೆನ್ನಿನ ಕಡೆಯಿಂದ ಬೆರಳಲ್ಲಿ ಒತ್ತಿದರೆ ಮಾಂಸ ಎಸಳು ಎಸಳಾಗಿ ಮುಳ್ಳಿನಿಂದ ಬಿಟ್ಟು ಬರಬೇಕು. ತಾಜಾ ಮೀನಿನ ಗುರುತು ಅದೇ. ಮಸಾಲೆ ಬೇಡ, ಗರಿಗರಿ ರವಾ ಫ್ರೈ ಬೇಕು ಅನ್ನುವವರು ಗಿರಿ ಮಂಜಾಸ್‌ಗೆ ಹೋಗಿ, ಅಂಜಲ್ ಮೀನು ಕೇಳಿ. ಕಾಣೆ ಅನ್ನುವ ಮೀನು ಸಿಕ್ಕಿದರೆ ಅಂಜಲ್ ಬಿಟ್ಟು ಅದನ್ನೇ ತಗೊಳ್ಳಿ. ಯಾವ ಹೋಟೆಲಾದರೂ ಸರಿ, ಮೆನು ಕೈಗೆ ಎತ್ತಿಕೊಳ್ಳುವ ಮೊದಲು "ಇವತ್ತು ಎಂತ ಮೀನು ಬಂದಿದೆ ಅಣ್ಣ?" ಅಂತ ಕೇಳಿ. ಆ ಒಂದು ಪ್ರಶ್ನೆಗೆ ಅವರ ಮಾತೇ ಬದಲಾಗುತ್ತದೆ. ಯಾವುದು ಇವತ್ತಿನದು, ಯಾವುದು ಬೇಡ ಅಂತ ಅವರೇ ಹೇಳುತ್ತಾರೆ.

ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು. ಒಂದು ಜುಲೈ ತಿಂಗಳಲ್ಲಿ ಸಮುದ್ರದ ದಂಡೆಯ ರೆಸಾರ್ಟ್ ಒಂದರಲ್ಲಿ ಉಳಿದಿದ್ದೆವು. ಹೆಸರು ಬೇಡ. "ಬೆಳಿಗ್ಗೆ ಬಂದ ಅಂಜಲ್ ಸಾರ್" ಅಂದರು. ಎರಡು ತುಂಡಿಗೆ ಸಾವಿರದ ಹತ್ತಿರ ಬಿಲ್. ಬಾಯಿಗಿಟ್ಟರೆ ಒದ್ದೆ ಹತ್ತಿಯ ಹಾಗೆ, ಐಸಿನ ವಾಸನೆ ಬೇರೆ. ಮಗಳು ಒಂದು ತುತ್ತು ತಿಂದು ಪ್ಲೇಟ್ ಪಕ್ಕಕ್ಕೆ ತಳ್ಳಿದಳು. ನನಗೆ ಸಿಟ್ಟು ಬಂದದ್ದು ದುಡ್ಡಿಗಲ್ಲ, ಸುಳ್ಳು ಹೇಳಿದ್ದಕ್ಕೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅದು. ನಾಡದೋಣಿಯವರು ಮಾತ್ರ ಹೋಗುತ್ತಾರೆ, ಅದೂ ಕಡಲು ಬಿಟ್ಟರೆ. ಅವರಿಗೆ ಸಿಕ್ಕಿದ್ದು ಮಾರ್ಕೆಟ್ಟಿಗೆ ಬರುವಷ್ಟರಲ್ಲಿ ಖಾಲಿ. ಮಳೆಗಾಲದಲ್ಲಿ ಹೋಗುವವರು ಇಷ್ಟು ನೆನಪಿಡಿ. ಆ ಎರಡು ತಿಂಗಳು ಕೋಳಿ ತಿನ್ನಿ, ಇಲ್ಲವೇ ಗಂಜಿ ಜೊತೆ ಒಣಮೀನು ಚಟ್ನಿ ಸಿಗುತ್ತದಾ ಕೇಳಿ. ಅದರ ರುಚಿ ಹತ್ತಿದರೆ ಅಂಜಲ್ ನೆನಪಾಗುವುದಿಲ್ಲ.

ಉಡುಪಿಯಲ್ಲಿ ಸಸ್ಯಾಹಾರ, ಬೇರೆ ಯೋಚನೆ ಬೇಡ. ಈ ಸುತ್ತಿನ ಅಡುಗೆಯವರು ಊರು ಬಿಟ್ಟು ಹೋಗಿ ದೇಶಕ್ಕೇ ದೋಸೆ ತಿನ್ನಿಸಿದವರು. ಕಡಂದಲೆಯ ಕೃಷ್ಣ ರಾಯರು ಮದ್ರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲ್ ಶುರುಮಾಡಿದರು. ಉಡುಪಿಯಲ್ಲೇ ತಿನ್ನಬೇಕು ಅಂದರೆ ಕೃಷ್ಣ ಮಠದ ಹತ್ತಿರ ರಥಬೀದಿಯ ಮಿತ್ರ ಸಮಾಜ ಹೋಟೆಲ್. ಸಂಜೆ ನಾಲ್ಕರ ಸುಮಾರಿಗೆ ಹೋಗಿ, ಗೋಳಿಬಜೆ ಹೇಳಿ, ಮೈದಾ ಹಿಟ್ಟಿನ ಬೋಂಡಾ ಅದು. ಬಿಸಿ ಇರುವಾಗಲೇ ಮುರಿಯಿರಿ, ಒಳಗೆ ಜಾಲರಿಯ ಹಾಗೆ ತೂತು ತೂತು, ಹಬೆ ಜೊತೆ ಹುಳಿ ಮೊಸರು, ಶುಂಠಿ ಘಮ. ಬನ್ಸ್ ಇದ್ದರೆ ಅದನ್ನೂ ತಗೊಳ್ಳಿ, ಬಾಳೆಹಣ್ಣು ಹಾಕಿ ಕಲಸಿದ ಆ ಹಿಟ್ಟಿನ ಸಿಹಿಗೆ ಖಾರ ಚಟ್ನಿಯೇ ಜೋಡಿ. ಇನ್ನೊಂದು ವಿಷಯ, ಈ ಕಡೆಯ ಮನೆಯಲ್ಲಿ ಯಾರಾದರೂ ಊಟಕ್ಕೆ ಕರೆದರೆ, ಅದರಲ್ಲೂ ಮಟ್ಟು ಗುಳ್ಳದ ಹುಳಿ ಮಾಡಿದ್ದಾರೆ ಅಂತ ಗೊತ್ತಾದರೆ, ಹೋಟೆಲ್ ಬಿಟ್ಟು ಅಲ್ಲಿಗೇ ಹೋಗಿ. ಕಟಪಾಡಿ ಹತ್ತಿರದ ಮಟ್ಟು ಊರಿನ ಬದನೆ ಅದು, ಆ ಊರಿನದೇ ಬೆಳೆ ಅನ್ನುವ ಜಿಐ ಟ್ಯಾಗ್ 2011ರಲ್ಲಿ ಸಿಕ್ಕಿದೆ. ಬೆಂದ ಮೇಲೆ ಸಿಪ್ಪೆ ನಾಲಗೆಗೆ ಸಿಗುವುದೇ ಇಲ್ಲ.

ಕೊನೆಗೆ ಐಸ್‌ಕ್ರೀಮ್. ಕರಾವಳಿಯ ಸೆಕೆಗೆ ಇದು ಬೇಕೇ ಬೇಕು. ಮಂಗಳೂರಿನ ಐಡಿಯಲ್ ಶುರುವಾದದ್ದು 1975ರಲ್ಲಿ, ಪ್ರಭಾಕರ ಕಾಮತರ ಕೈಯಲ್ಲಿ. ಮಂಗಳೂರಿನದೇ ಲಾಲ್‌ಬಾಗಿನ ಪಬ್ಬಾಸ್ ಐಸ್‌ಕ್ರೀಮ್ ಪಾರ್ಲರ್ ಅವರದ್ದೇ. ಮುಂಬೈಯ ಜುಹುವಿನಲ್ಲಿ 1984ರಲ್ಲಿ ನ್ಯಾಚುರಲ್ಸ್ ತೆರೆದ ರಘುನಂದನ ಕಾಮತರೂ ಈ ಕಡೆಯವರೇ, ಉಡುಪಿ ಮಂಗಳೂರು ದಾರಿಯಲ್ಲಿ ಸಿಗುವ ಮುಲ್ಕಿಯವರು, ಹಣ್ಣಿನ ವ್ಯಾಪಾರಿಯ ಮಗ. ಯಾವ ಹಣ್ಣು ಎಷ್ಟು ಮಾಗಿರಬೇಕು ಅಂತ ಮನೆಯಲ್ಲೇ ಕಲಿತವರು ಮಾಡಿದ ಐಸ್‌ಕ್ರೀಮಿನಲ್ಲಿ ಹಣ್ಣಿನ ರುಚಿ ಇರದೆ ಇನ್ನೇನು!

ನನ್ನ ಆಯ್ಕೆ ಮಾತ್ರ ಗಡ್‌ಬಡ್. ಉಡುಪಿಯ ಡಯಾನಾ ಹೋಟೆಲಿನಲ್ಲಿ ಹುಟ್ಟಿತು ಅಂತಾರೆ. ಗಿರಾಕಿ ಅವಸರ ಮಾಡಿದಾಗ ಇದ್ದದ್ದನ್ನೆಲ್ಲ ಒಂದೇ ಗ್ಲಾಸಿಗೆ ಹಾಕಿ ಕೊಟ್ಟರಂತೆ, ಅದಕ್ಕೇ ಆ ಹೆಸರಂತೆ. ಉದ್ದ ಗ್ಲಾಸು, ಎರಡು ಮೂರು ಬಗೆ ಐಸ್‌ಕ್ರೀಮ್, ನಡುವೆ ಜೆಲ್ಲಿ, ಹಣ್ಣು, ಗೋಡಂಬಿ, ದ್ರಾಕ್ಷಿ. ಉದ್ದ ಚಮಚ ಕೊಡುತ್ತಾರೆ, ಅದನ್ನು ತಳಕ್ಕೆ ಇಳಿಸಿ ಮೇಲಕ್ಕೆತ್ತಿ, ಆಗ ಎಲ್ಲವೂ ಒಟ್ಟಿಗೆ ಬಾಯಿಗೆ ಬರುತ್ತದೆ. ಮೇಲಿಂದ ಮೇಲೆ ತಿನ್ನುತ್ತಾ ಬಂದರೆ ಜೆಲ್ಲಿ ತಳದಲ್ಲೇ ಉಳಿದು ನೀರಾಗುತ್ತದೆ. ನನ್ನ ಮಗಳಿಗೆ ಈಗ ಎಂಟು ವರ್ಷ, ಹೋದ ಡಿಸೆಂಬರಿನಲ್ಲಿ ಪಕ್ಕದ ಟೇಬಲ್ಲಿನ ಬೆಂಗಳೂರಿನವರಿಗೆ ಎದ್ದು ಹೋಗಿ ಇದನ್ನೇ ಹೇಳಿಕೊಟ್ಟು ಬಂದಳು.